ಬಾಡಿಗೆಯ ಬಂಡಿಯೂ ಮಾನ್ಯಖೇಟದ ಸೀಮೆಯೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯು ಪುರಾತನವಾದುದು. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾತೀರದ ಮಳಖೇಡವೇ ಅಮೋಘವರ್ಷ ನೃಪತುಂಗನ ಮಾನ್ಯಖೇಟವು; ಕ್ರಿ.ಶ. 972ರಲ್ಲಿ ಪರಮಾರ ಸೀಯಕನು ಅದನ್ನು ಸೂರೆಗೊಂಡನು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ ಸಂಸ್ಥಾನದ ರೈಲುಮಾರ್ಗವು ತೆರೆಯಲು, ಈ ಸೀಮೆಯು ದೂರದ ಯಾತ್ರಿಕರಿಗೂ ಸುಗಮವಾಯಿತು.

ಆದರೆ ರೈಲು ನಿಲ್ಲುವ ಸ್ಥಳವೊಂದು, ಇತಿಹಾಸವು ನಿಂತಿರುವ ಸ್ಥಳವೊಂದು. ನಾಗಾವಿಯ 11ನೆಯ ಶತಮಾನದ ಘಟಿಕಾಸ್ಥಾನವನ್ನೂ ಭೀಮಾತೀರದ ಸನ್ನತಿಯನ್ನೂ ನೋಡಬಯಸಿದವನು ಹಾಸಿಗೆ, ಪಾತ್ರೆ, ಜೋಳದ ಹಿಟ್ಟುಗಳನ್ನು ಬಾಡಿಗೆಯ ಎತ್ತಿನ ಗಾಡಿಗೆ ಹೇರಿಕೊಂಡು ಹೊರಡಬೇಕಾಗಿದ್ದಿತು. ಇಂದು ಬಾಡಿಗೆಗೆ ದೊರೆಯುವ ಕ್ಯಾರವಾನ್ ಎಂಬ ಮನೆಬಂಡಿಯು ಅದರ ರೂಪಾಂತರವೇ ಸರಿ. ಬೇಕಾದಲ್ಲಿ ತಂಗಬಹುದೆಂಬುದೇ ಎರಡರ ಗುಣವು.

ತಂಗುವುದರ ಬೆಲೆಯನ್ನು ಸನ್ನತಿಯು ತಿಳಿಸುತ್ತದೆ. 1986ರಲ್ಲಿ ಅಲ್ಲಿ ಕಾಳಿಯ ಗುಡಿಯ ಮಾಳಿಗೆಯು ಕುಸಿದಾಗ, ವಿಗ್ರಹದ ಪೀಠವಾಗಿದ್ದ ಶಿಲೆಯಲ್ಲಿ ಅಶೋಕನ ಶಾಸನವು ಕಂಡುಬಂದಿತು. ಪೀಠಕ್ಕಾಗಿ ನಡುವೆ ರಂಧ್ರವನ್ನು ಕೊರೆದುದರಿಂದ ಹಲವು ಅಕ್ಷರಗಳು ನಷ್ಟವಾಗಿದ್ದವು. ಆದಕಾರಣ ಯಾತ್ರಿಕನು ಬಂಡಿಯನ್ನು ಎರಡು ರಾತ್ರಿ ಊರಮುಂದೆ ನಿಲ್ಲಿಸಿ, ವೃದ್ಧರನ್ನು ವಿಚಾರಿಸಿ, ಗುಡಿಯ ಮೆಟ್ಟಿಲನ್ನೂ ಬಾವಿಯ ಕಟ್ಟೆಯನ್ನೂ ನೋಡತಕ್ಕದ್ದು. ಹಾಸುಗಲ್ಲಿಗೆ ಹೆಸರಾದ ಈ ನಾಡಿನಲ್ಲಿ ಕಾಲಡಿಯ ಕಲ್ಲೂ ಶಾಸನವಾಗಿರಬಹುದು.