ಸಜೀಪದ ನಾಗಸ್ವರದಿಂದ ಲಂಡನ್ನಿನ ಪ್ರಾಮ್ಸ್‌ವರೆಗೆ

ಮೂಡುಬಿದಿರೆಯ ಆಳ್ವಾಸ್ ವಿರಾಸತ್ ನಮ್ಮ ಕಡೆಯವರಿಗೆ ಹೊಸತಲ್ಲ. ಡಾ. ಎಂ. ಮೋಹನ ಆಳ್ವರು 1994ರಲ್ಲಿ ಆರಂಭಿಸಿದ ಈ ಉತ್ಸವ 2024ರ ಡಿಸೆಂಬರಿನಲ್ಲಿ 30ನೆಯ ಬಾರಿ ನಡೆಯಿತು. ಹೋದವರಿಗೆ ಅದರ ಕ್ರಮ ತಿಳಿದೇ ಇದೆ. ಒಂದು ಸಂಜೆ ಹಿಂದೂಸ್ತಾನಿ ಗಾಯನವಾದರೆ ಇನ್ನೊಂದು ಸಂಜೆ ವಾದ್ಯಸಂಗೀತ, ಮತ್ತೊಂದು ಸಂಜೆ ಚಲನಚಿತ್ರ ಗೀತೆ. ಕಛೇರಿ ಮುಗಿದ ಬಳಿಕ ಅದೇ ವೇದಿಕೆಗೆ ವಿದ್ಯಾರ್ಥಿಗಳು ಬರುತ್ತಾರೆ. ಯಕ್ಷಗಾನ, ಮಣಿಪುರಿ, ಡೊಳ್ಳು ಕುಣಿತ, ಮಲ್ಲಕಂಬ ಎಂದು ಒಂದರ ಹಿಂದೊಂದು ನಡೆಯುತ್ತಲೇ ಇರುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಭಾವ, ಅಂದರೆ ಅಕ್ಕನ ಗಂಡ, ನನ್ನೊಂದಿಗೆ ಬಂದಿದ್ದರು. ಅವರು ಕರ್ನಾಟಕ ಸಂಗೀತದ ನಿಷ್ಠಾವಂತ ರಸಿಕರು. ಕಛೇರಿಯ ನಡುವೆ ಯಾರಾದರೂ ಕೆಮ್ಮಿದರೂ ತಿರುಗಿ ನೋಡುವವರು. ಗಾಯನ ಮುಗಿದು ಡೊಳ್ಳು ಆರಂಭವಾದೊಡನೆ ಶಾಲು ಕೊಡವಿ ಎದ್ದುಬಿಟ್ಟರು. “ಇದು ಕಛೇರಿಯಲ್ಲ ಮಾರಾಯ, ಸಂತೆ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ಯಾವುದರ ರುಚಿಯೂ ಉಳಿಯುವುದಿಲ್ಲ” ಎಂದರು. ಬಂಟ್ವಾಳ ತಲಪುವವರೆಗೂ ಕಾರಿನಲ್ಲಿ ಅದೇ ಮಾತು. ಹಿರಿಯರೆಂದು ನಾನು ಎದುರಾಡಲಿಲ್ಲ. ಆದರೆ ಬಹುಕಾಲ ಇತಿಹಾಸದ ಪಾಠ ಹೇಳಿದವನಿಗೆ ಒಂದು ಪ್ರಶ್ನೆ ಉಳಿದುಬಿಟ್ಟಿತು. ಈ ಸಂತೆ ನಿಜಕ್ಕೂ ಹೊಸತೇ? ಇದರಿಂದ ಲಾಭ ಯಾರಿಗಾಯಿತು, ನಷ್ಟ ಯಾರಿಗಾಯಿತು?

ಹೊಸತಂತೂ ಅಲ್ಲ. ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಯಾವುದೇ ದೇವಸ್ಥಾನದ ಜಾತ್ರೆಯಲ್ಲಿ ಉತ್ಸವ ಬಲಿಯನ್ನು ನೋಡಿದವರಿಗೆ ಇದು ಗೊತ್ತು. ದೇವರನ್ನು ತಲೆಯಲ್ಲಿ ಹೊತ್ತವರು ಅಂಗಣದಲ್ಲಿ ಸುತ್ತು ಬರುವಾಗ ಚೆಂಡೆಗೊಂದು ಸುತ್ತು, ವಾದ್ಯಕ್ಕೊಂದು ಸುತ್ತು. ಕೊನೆಗೆ ಎಲ್ಲವೂ ಕೂಡಿದ ಸರ್ವವಾದ್ಯ ಸುತ್ತು. ಅಷ್ಟಾವಧಾನ ಸೇವೆಯಲ್ಲಿಯೂ ಹಾಗೆಯೇ. ವೇದಘೋಷ, ಸಂಗೀತ, ಯಕ್ಷಗಾನ, ವಾದ್ಯ ಎಲ್ಲಕ್ಕೂ ಸರದಿ ಇದೆ. ಒಂದೊಂದಕ್ಕೂ ಕೆಲವೇ ನಿಮಿಷ. ಧರ್ಮಸ್ಥಳದ ಲಕ್ಷದೀಪೋತ್ಸವದ ಜೊತೆಗೆ 1933ರಿಂದ ಸರ್ವಧರ್ಮ ಸಮ್ಮೇಳನ, ಸಾಹಿತ್ಯ ಸಮ್ಮೇಳನಗಳು ಸೇರಿಕೊಂಡವು. ಇಂದು ಅಲ್ಲಿ ಸಂಗೀತ, ನೃತ್ಯಗಳೂ ನಡೆಯುತ್ತವೆ. ಆದುದರಿಂದ ಒಂದೇ ದಿನದಲ್ಲಿ ಹಲವು ಬಗೆಯ ಸಂಗೀತ ಕೇಳುವ ಅಭ್ಯಾಸ ನಮ್ಮ ಕಿವಿಗೆ ಮೊದಲೇ ಇತ್ತು.

ಆದರೆ ಆ ಹಳೆಯ ವ್ಯವಸ್ಥೆಯಲ್ಲಿ ಒಂದು ಸಂಗತಿಯನ್ನು ನಾವು ಗಮನಿಸುತ್ತಲೇ ಇರಲಿಲ್ಲ. ಎಲ್ಲರಿಗೂ ಸರದಿ ಇತ್ತು, ಎಲ್ಲರಿಗೂ ಆಸನ ಇರಲಿಲ್ಲ. ನಾಗಸ್ವರದವರು ನಿಂತು ನುಡಿಸಬೇಕು, ಇಲ್ಲವೆ ನಡೆಯುತ್ತ ನುಡಿಸಬೇಕು. ದಿಬ್ಬಣದ ಮುಂದೆ ಅವರು, ನೇಮದ ಅಂಗಣದ ಬದಿಯಲ್ಲಿ ಅವರು. ಊಟದ ಪಂಕ್ತಿಯಲ್ಲಿ ಮಾತ್ರ ಕೊನೆಗೆ. ಓಲಗವಿಲ್ಲದೆ ಮದುವೆ ಆಗುತ್ತಿರಲಿಲ್ಲ. ಓಲಗದವನ ಹೆಸರು ಕೇಳಿದವರೂ ಇರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳಬೇಕು. ಎಂಟನೆಯ ತರಗತಿಗೆ ಸೇರಲು ಬಂದ ಹುಡುಗನೊಬ್ಬನ ಅರ್ಜಿಯನ್ನು ನಾನು ತುಂಬುತ್ತಿದ್ದೆ. ತಂದೆಯ ಉದ್ಯೋಗ ಏನೆಂದು ಕೇಳಿದಾಗ ಆತ ತಲೆ ತಗ್ಗಿಸಿ “ಕೂಲಿ, ಸರ್” ಎಂದ. ಆತನ ತಂದೆ ಹತ್ತಿರದ ದೇವಸ್ಥಾನದಲ್ಲಿ ನಾಗಸ್ವರ ನುಡಿಸುವವರು. ನನ್ನ ಸ್ವಂತ ಮದುವೆಯಲ್ಲಿ ನುಡಿಸಿದವರೂ ಅವರೇ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆತ ಹೇಳಿದ್ದನ್ನೇ ಬರೆದೆ. ಹಿಂದೆ ಇನ್ನೂ ಹತ್ತು ಮಕ್ಕಳು ಸಾಲಿನಲ್ಲಿದ್ದರು ಎಂಬುದು ಆಗ ನಾನು ನನಗೆ ಹೇಳಿಕೊಂಡ ಸಮಾಧಾನ.

ಆ ಹೊತ್ತಿಗಾಗಲೇ ನಮ್ಮದೇ ತಾಲೂಕಿನ ಒಬ್ಬ ನಾಗಸ್ವರ ವಾದಕರ ಮಗ ಮುಂಬಯಿಯಲ್ಲಿ ಜಾಝ್ ಸಂಗೀತಗಾರರ ನಡುವೆ ನುಡಿಸಿ ಬಂದಾಗಿತ್ತು. ಕದ್ರಿ ಗೋಪಾಲನಾಥ್ ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು; ಮಗನಿಗೆ ಮೊದಲ ಪಾಠ ಅವರಿಂದಲೇ. ಎಳೆಯ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಅಭ್ಯಾಸ ನಡೆಯಿತು.

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪೇಟೆಂಟ್ ಪಡೆದ ಈ ಹಿತ್ತಾಳೆಯ ವಾದ್ಯ ಮೂಲತಃ ಕೀಲಿಗಳದ್ದು. ಕೀಲಿ ಒತ್ತಿದರೆ ಒಂದು ಸ್ವರ, ಇನ್ನೊಂದನ್ನು ಒತ್ತಿದರೆ ಮತ್ತೊಂದು ಸ್ವರ. ನಮ್ಮ ಸಂಗೀತದ ಪ್ರಾಣವಾದ ಗಮಕವಾದರೋ ಸ್ವರದಿಂದ ಸ್ವರಕ್ಕೆ ಜಾರುತ್ತ, ಅಲುಗುತ್ತ ಸಾಗುವಂಥದು. ನಾಗಸ್ವರದಲ್ಲಿ ಇದನ್ನು ತುಟಿ, ಉಸಿರು, ಬೆರಳುಗಳ ಹದದಿಂದ ಸಾಧಿಸುತ್ತಾರೆ. ಗೋಪಾಲನಾಥರು ವಾದ್ಯದಲ್ಲಿ ತಮಗೆ ಬೇಕಾದ ಮಾರ್ಪಾಡು ಮಾಡಿಕೊಂಡದ್ದು ನಿಜ. ಆದರೆ ಅದಕ್ಕಿಂತ ಮುಖ್ಯವಾಗಿ ತಂದೆಯ ಮನೆಯ ಉಸಿರನ್ನೇ ಅದರೊಳಗೆ ತುಂಬಿದರು ಎಂದು ನನ್ನ ತಿಳಿವಳಿಕೆ. ಇದಕ್ಕೆ ಹಿಡಿದದ್ದು ಎರಡು ದಶಕಗಳ ದುಡಿಮೆ.

1980ರ ಮುಂಬಯಿ ಜಾಝ್ ಉತ್ಸವದ ವಿಷಯಕ್ಕೆ ಬರುತ್ತೇನೆ. ಜಾಝ್ ಯಾತ್ರಾ ಎಂಬ ಹೆಸರಿನಲ್ಲಿ 1978ರಲ್ಲಿ ಮೊದಲ ಬಾರಿ ನಡೆದ ಈ ಉತ್ಸವ ದೇಶವಿದೇಶಗಳ ಸಂಗೀತಗಾರರನ್ನು ಒಂದೇ ಊರಿಗೆ ಕರೆತಂದಿತ್ತು. ಭಾವನವರ ಭಾಷೆಯಲ್ಲಿ ಅಪ್ಪಟ ಸಂತೆ. ಅಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಇದ್ದರು. ಹ್ಯಾಂಡಿಗೆ ನಮ್ಮ ಸಂಗೀತ ತೀರ ಅಪರಿಚಿತವಲ್ಲ. 1975ರಲ್ಲಿಯೇ ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದಿನೊಂದಿಗೆ ಧ್ವನಿಮುದ್ರಿಕೆ ಮಾಡಿದ್ದವರು. ಗೋಪಾಲನಾಥರನ್ನು ಕೇಳಿ, ತಾನೂ ಜೊತೆಗೆ ನುಡಿಸಬಹುದೇ ಎಂದು ವಿಚಾರಿಸಿದರು. ಒಂದೇ ವಾದ್ಯ, ಎರಡು ಸಂಗೀತ, ಸಭೆ ಮೆಚ್ಚಿತು. ಮುಂದೆ ಪ್ರಾಗ್, ಬರ್ಲಿನ್ ಉತ್ಸವಗಳ ಬಾಗಿಲೂ ತೆರೆಯಿತು.

ಶಾಸ್ತ್ರೀಯ ಸಭೆಗಳು ಅವರನ್ನು ಕಡೆಗಣಿಸಿದವು ಎಂದು ನಾನು ಹೇಳುತ್ತಿಲ್ಲ. ಮದರಾಸಿನ ವೇದಿಕೆಗಳೂ ಅವರನ್ನು ಬರಮಾಡಿಕೊಂಡಿದ್ದವು. ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ಪಿಟೀಲು ಒಳಬಂದ ಹಾಗೆ ಸ್ಯಾಕ್ಸೊಫೋನೂ ಹೇಗಾದರೂ ಒಳಬರುತ್ತಿತ್ತೇನೋ. ಆದರೆ ಒಂದೇ ಸಂಪ್ರದಾಯದ ಸಭೆ ಹೊಸ ವಾದ್ಯವನ್ನು ಕಂಡಾಗ ಮೊದಲು ಕೇಳುವುದು “ಇದು ಸಲ್ಲುತ್ತದೆಯೇ?” ಎಂದು. ಹಲವು ಸಂಗೀತಗಳು ಸೇರುವ ಉತ್ಸವದಲ್ಲಿ ಆ ಪ್ರಶ್ನೆ ಹುಟ್ಟುವುದು ಕಷ್ಟ. ಅಲ್ಲಿ ಎಲ್ಲರೂ ಅತಿಥಿಗಳೇ.

1994ರಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವರು ನುಡಿಸಿದರು. ಆ ಉತ್ಸವದ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರರೆಂದು ಅವರನ್ನು ಹೇಳುತ್ತಾರೆ. ಪ್ರಾಮ್ಸ್ ಆರಂಭವಾದದ್ದು 1895ರಲ್ಲಿ, ಹೆನ್ರಿ ವುಡ್ ಅವರ ನಿರ್ದೇಶನದಲ್ಲಿ. ಸಾಮಾನ್ಯರಿಗೂ ಅಗ್ಗದ ದರದಲ್ಲಿ ಒಳ್ಳೆಯ ಸಂಗೀತ ಕೇಳಿಸಬೇಕೆಂಬುದು ಉದ್ದೇಶ. ವೇದಿಕೆಯ ಎದುರಿನ ಜಾಗದಲ್ಲಿ ಇಂದಿಗೂ ಆಸನಗಳಿಲ್ಲ. ಕಡಿಮೆ ಹಣ ಕೊಟ್ಟು ಬಂದವರು ಅಲ್ಲಿ ನಿಂತೇ ಕೇಳುತ್ತಾರೆ. ಇದನ್ನು ಮೊದಲು ಓದಿದಾಗ ನನಗೆ ನಮ್ಮ ಜಾತ್ರೆಯ ಅಂಗಣ ನೆನಪಾಗಿ ನಗು ಬಂತು. ಸಜೀಪದಲ್ಲಿ ನಿಂತು ನುಡಿಸುತ್ತಿದ್ದವರ ಮಗ ಅಲ್ಲಿ ನುಡಿಸಿದಾಗ ನಿಂತಿದ್ದವರು ಕೇಳುಗರು.

ಅದೇ ವರ್ಷ ತೆರೆಕಂಡ ಕೆ. ಬಾಲಚಂದರ್ ಅವರ ‘ಡ್ಯುಯೆಟ್’ ಚಿತ್ರದಲ್ಲಿ ಎ.ಆರ್. ರೆಹಮಾನರ ಸಂಗೀತಕ್ಕೆ ಗೋಪಾಲನಾಥರ ಸ್ಯಾಕ್ಸೊಫೋನ್ ಇತ್ತು. ಬಿ.ಸಿ. ರೋಡಿನ ಕ್ಯಾಸೆಟ್ ಅಂಗಡಿಗಳಲ್ಲಿ ಅದನ್ನು ಕೇಳಿದ ನೆನಪಿದೆ. ತರಗತಿಯಲ್ಲಿ ಹುಡುಗರು “ಸರ್, ಅವರು ನಮ್ಮ ಸಜೀಪದವರಂತೆ” ಎನ್ನುತ್ತಿದ್ದರು. ದನಿಯಲ್ಲಿ ಹೆಮ್ಮೆ ಇತ್ತು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಅವರು ಮಂಗಳೂರಿನಲ್ಲಿ ನಿಧನರಾದರು.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅಪಚಾರವಾದೀತು. ಇಂದು ತುಳುನಾಡಿನ ಮದುವೆ, ನೇಮ, ಜಾತ್ರೆ ಎಲ್ಲಿಗೆ ಹೋದರೂ ಕೇಳುವುದು ಸ್ಯಾಕ್ಸೊಫೋನ್. ಕರೆಯೋಲೆಯಲ್ಲಿ ನುಡಿಸುವವರ ಹೆಸರೂ ಅಚ್ಚಾಗುತ್ತದೆ, ಕುಳಿತುಕೊಳ್ಳಲು ವೇದಿಕೆಯೂ ಇರುತ್ತದೆ, ಹೆಣ್ಣುಮಕ್ಕಳೂ ಕಲಿತು ನುಡಿಸುತ್ತಿದ್ದಾರೆ. ಸಂತೋಷವೇ. ಆದರೆ ನಾಗಸ್ವರ? ನನ್ನ ಬಾಲ್ಯದಲ್ಲಿ ಮೈಲಿ ದೂರದಿಂದ ಗಾಳಿಯಲ್ಲಿ ತೇಲಿ ಬರುತ್ತಿದ್ದ ಆ ತೀಕ್ಷ್ಣವಾದ ದನಿ ಈಗ ಅಪರೂಪವಾಗಿದೆ. ನುಡಿಸುವವರು ಮರ್ಯಾದೆ ಗಳಿಸಿದರು. ವಾದ್ಯ ಹಿಂದೆ ಉಳಿಯಿತು. ನಾವು ಆ ಮರ್ಯಾದೆಯನ್ನು ನಾಗಸ್ವರಕ್ಕೇ ಮೊದಲು ಕೊಟ್ಟಿದ್ದರೆ ಹೀಗಾಗುತ್ತಿತ್ತೇ ಎಂದು ಯೋಚಿಸುತ್ತೇನೆ.

ಭಾವನವರ ಮಾತಿನಲ್ಲಿ ತಥ್ಯವಿಲ್ಲವೆಂದಲ್ಲ. ಸಾವಿರಾರು ಜನರ ಬಯಲಿನಲ್ಲಿ, ಗಡಿಯಾರ ನೋಡಿಕೊಂಡು, ರಾಗವೊಂದನ್ನು ಗಂಟೆಗಟ್ಟಲೆ ಬೆಳೆಸಲಾಗದು. ಅದಕ್ಕೆ ಚಿಕ್ಕ ಸಭೆ, ತಾಳ್ಮೆಯ ಕೇಳುಗರು ಬೇಕು. ಆದರೆ ಅವರ ಮನೆಯ ಕಪಾಟಿನಲ್ಲಿ ಗೋಪಾಲನಾಥರ ನಾಲ್ಕು ಕ್ಯಾಸೆಟ್‌ಗಳಿವೆ. ಬೆಳಗಿನ ಪೂಜೆಯ ಹೊತ್ತಿಗೆ ಅಕ್ಕ ಹಾಕುತ್ತಿದ್ದದ್ದು ಅವನ್ನೇ. ಆ ಸ್ವರ ಯಾವ ಯಾವ ಸಂತೆ ಸುತ್ತಿ ನಿಮ್ಮ ದೇವರ ಕೋಣೆಗೆ ಬಂತು ಭಾವ, ಎಂದು ಕೇಳಬೇಕೆಂದಿದ್ದೆ. ಇನ್ನೂ ಕೇಳಿಲ್ಲ. ಈ ಬರಹವನ್ನು ಸೊಸೆ ಅವರಿಗೆ ಓದಿ ಹೇಳಿಯಾಳು.

ಇನ್ನು ಆ ಹುಡುಗ. ಹತ್ತನೆಯ ತರಗತಿ ಮುಗಿಸಿ ಹೋದವನು ಮತ್ತೆ ನನಗೆ ಸಿಕ್ಕಿಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಉದ್ಯೋಗದ ಎದುರು ನನ್ನ ಕೈಬರಹದಲ್ಲಿ ‘ಕೂಲಿ’ ಎಂದೇ ಇದೆ. ಇದನ್ನು ಓದುತ್ತಿರುವವರಲ್ಲಿ ನೀನೂ ಇದ್ದರೆ ಎರಡು ಸಾಲು ಬರೆ. ನಿನ್ನ ತಂದೆ ನನ್ನ ಮದುವೆಯ ದಿನ ನುಡಿಸಿದ ಕಲ್ಯಾಣಿ ನನಗೆ ಇನ್ನೂ ನೆನಪಿದೆ.