ಮಾರಿಕಣಿವೆಯ ಮೇಲೆ, ಕೆಳಗೆ

ಚಿತ್ರದುರ್ಗವೆಂದರೆ ಹೊರಗಿನವರಿಗೆ ಏಳುಸುತ್ತಿನ ಕೋಟೆ, ಒನಕೆ ಓಬವ್ವ, 1779ರಲ್ಲಿ ಹೈದರಾಲಿಗೆ ಸೆರೆಸಿಕ್ಕ ಮದಕರಿ ನಾಯಕ. ಇಲ್ಲಿ ಬೇಸಾಯ ಮಾಡುವವರ ಮಾತು ಮಾತ್ರ ಕೋಟೆಯನ್ನು ಬಿಟ್ಟು ಮಾರಿಕಣಿವೆ ಜಲಾಶಯದ ಕೋಡಿಯ ಕಡೆಗೇ ಹೊರಳುತ್ತದೆ.

1997ರಲ್ಲಿ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಜಿಲ್ಲೆಯಿಂದ ಬೇರೆಯಾದವು. ಭದ್ರಾ ನಾಲೆಯ ಗದ್ದೆಬಯಲೂ ದಾವಣಗೆರೆಯ ಗಿರಣಿ-ಪೇಟೆಯೂ ಆ ಕಡೆಯ ಪಾಲಾಗಿ, ಈ ಕಡೆ ಉಳಿದದ್ದು ಬಹುಪಾಲು ಮಳೆ ನಂಬಿದ ಹೊಲ. 2011ರ ಜನಗಣತಿಯಂತೆ ಆರು ತಾಲ್ಲೂಕುಗಳಲ್ಲಿ 16,59,456 ಜನ. ಚದರ ಕಿಲೋಮೀಟರಿಗೆ 197. ರಾಜ್ಯದ ಸರಾಸರಿ 319. ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ನೂರಕ್ಕೆ ಹದಿನೈದರ ಮೇಲೆ ಬೆಳೆದರೆ ಇಲ್ಲಿಯದು ಒಂಬತ್ತರ ಆಸುಪಾಸು. ಶೇಂಗಾ ಕೈಕೊಟ್ಟ ವರ್ಷ ಬೆಂಗಳೂರಿನ ಬಸ್ಸು ಹತ್ತುವ ಸೀಮೆಯಲ್ಲಿ ಇದು ಅಚ್ಚರಿಯ ಲೆಕ್ಕವಲ್ಲ.

ಆದರೆ 197 ಎಂಬ ಸರಾಸರಿಯಿಂದ ನೆಲದ ಗುಣ ತಿಳಿಯದು. ಪಡುವಣದ ಹೊಳಲ್ಕೆರೆಗೆ ಮಲೆನಾಡಿನ ಅಂಚಿನ ಮಳೆ ಅಷ್ಟಿಷ್ಟು ತಾಕುತ್ತದೆ. ಅಲ್ಲಿ ಅಡಿಕೆ ತೋಟಗಳಿವೆ. ಹೊಸದುರ್ಗದಲ್ಲಿ ತೆಂಗು, ದಾಳಿಂಬೆ. ಮೂಡಲಿಗೆ ಸರಿದಂತೆ ಮರ ವಿರಳ, ಕುರಿಮಂದೆ ಹೆಚ್ಚು, ಊರ ಹೊರಗೆ ಗೊಲ್ಲರಹಟ್ಟಿಗಳು. ಪರಿಶಿಷ್ಟ ಜಾತಿ, ಪಂಗಡಗಳವರು ಸೇರಿ ಜಿಲ್ಲೆಯ ಜನರಲ್ಲಿ ಹತ್ತಕ್ಕೆ ನಾಲ್ವರು.

ಈ ಒಣ ಸೀಮೆಯ ನಡುವೆ ಹರಿಯುವುದು ವೇದಾವತಿ. ಬಾಬಾಬುಡನ್ ಗಿರಿಯ ಕಡೆಯಿಂದ ಕಡೂರು, ಹೊಸದುರ್ಗ ದಾಟಿ ಬಂದ ಹೊಳೆಗೆ ಮೈಸೂರಿನ ಅರಸರು ಹಿರಿಯೂರಿನ ಬಳಿ, ಎರಡು ಗುಡ್ಡಗಳ ನಡುವೆ ಕಟ್ಟೆ ಹಾಕಿಸಿದರು. 1898ರಲ್ಲಿ ಹಿಡಿದ ಕೆಲಸ ಮುಗಿದದ್ದು 1907ರಲ್ಲಿ. ರಾಜಪ್ರತಿನಿಧಿಯಾಗಿದ್ದ ರಾಜಮಾತೆಯ ಗೌರವಾರ್ಥ ವಾಣಿವಿಲಾಸ ಸಾಗರವೆಂದು ಹೆಸರಿಟ್ಟರೂ ಜನರ ಬಾಯಲ್ಲಿ ಅದು ಮಾರಿಕಣಿವೆ. ಮೂವತ್ತು ಟಿಎಂಸಿ ಹಿಡಿಯುವ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ 2022ರವರೆಗೆ ತುಂಬಲೇ ಇಲ್ಲ! ಎಂಬತ್ತೊಂಬತ್ತು ವರ್ಷ. ಹಿರಿಯೂರಿನ ನಾಲೆಗಳ ಕೆಳಗೆ ಬೆಳೆದ ಕಬ್ಬನ್ನು ನಂಬಿ ಸಕ್ಕರೆ ಕಾರ್ಖಾನೆಯೂ ಬಂತು, ಮುಚ್ಚಿಯೂ ಹೋಯಿತು. ರೈತರು ಕೊಳವೆಬಾವಿಯ ಬೆನ್ನು ಹತ್ತಿದರು. ಒಂದು ಬತ್ತಿದರೆ ಇನ್ನೊಂದು, ಇನ್ನಷ್ಟು ಆಳ.

2019ರಿಂದ ಭದ್ರೆಯ ನೀರನ್ನೂ ಎತ್ತಿ ಇಲ್ಲಿಗೆ ಹರಿಸುತ್ತಿದ್ದಾರೆ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಮಳೆಗಾಲವಲ್ಲದ ತಿಂಗಳಲ್ಲಿ ಕೋಡಿ ಎಂದರೆ ಹಳಬರು ನಂಬುವುದೇ ಕಷ್ಟ. ಕಟ್ಟೆಯ ಕೆಳಗಿನ ಹಿರಿಯೂರಿಗೆ ಅದು ಹಬ್ಬ. ಮೇಲಿನ ಹೊಸದುರ್ಗದ ಹಿನ್ನೀರಂಚಿನ ಹಳ್ಳಿಗಳಲ್ಲಿ ತೆಂಗಿನ ತೋಟಕ್ಕೆ ನೀರು ನುಗ್ಗುತ್ತದೆ. ದಶಕಗಳ ಕಾಲ ಒಣಗಿ ಬಿದ್ದಿದ್ದ ಅಂಚಿನಲ್ಲಿ ತೋಟ ಮಾಡಿಕೊಂಡವರ ವಾದವೇನಿದ್ದರೂ ನೀರು ಎಷ್ಟು ಅಡಿಗೆ ನಿಲ್ಲಬೇಕು ಎಂಬುದರ ಮೇಲೆ. 130 ಅಡಿ ಹಿರಿಯೂರಿನವರಿಗೆ ಬೇಕು, ಹಿನ್ನೀರಂಚಿನವರಿಗೆ ಬೇಡ.