ವಿಭಾಗದಲ್ಲಿ ದುಡಿದು ಓದುವವರು

ನಮ್ಮ ಜಾಲಿ, ಭಟ್ಕಳ, ಹೊನ್ನಾವರದ ಕಡೆಯಿಂದ ಅಮೆರಿಕೆಗೆ ಓದಲು ಹೋದ ಹುಡುಗರು, ತಮ್ಮ ವಿಶ್ವವಿದ್ಯಾಲಯದ ವಿಭಾಗದಲ್ಲೋ ಗ್ರಂಥಾಲಯದಲ್ಲೋ ಕೆಲಸಕ್ಕೆ ಸೇರಿದ್ದೇವೆಂದು ತಿಳಿಸಿದಾಗ ಮನೆಯ ಹಿರಿಯರು ಕಳವಳಪಡುವುದುಂಟು. "ಓದಲು ಕಳಿಸಿದರೆ ಚಾಕರಿಗೆ ನಿಂತನೇ ಮಾಸ್ತರೇ?" ಎಂದು ನನ್ನನ್ನು ಕೇಳಿದವರಿದ್ದಾರೆ. ಈ ಪದ್ಧತಿಗೊಂದು ಇತಿಹಾಸವಿದೆ. ಅದರಲ್ಲಿ ನಮ್ಮ ಹಳೆಯ ಮುಂಬಯಿ ಪ್ರಾಂತಕ್ಕೂ ಪಾಲಿದೆ. ಆದ್ದರಿಂದ ಈ ಬರಹ.

ನಮ್ಮ ತಂದೆಯವರ ಕಾಲದಲ್ಲಿ ಬಡ ವಿದ್ಯಾರ್ಥಿಗಿದ್ದ ದಾರಿಗಳಲ್ಲಿ ವಾರಾನ್ನವೂ ಒಂದು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಉಣಬಡಿಸಿದವರ ಔದಾರ್ಯ ಸಣ್ಣದಲ್ಲ. ಆದರೆ ಉಂಡ ಹುಡುಗ ಬಾವಿಯಿಂದ ನೀರು ಸೇದಬೇಕು, ಪೂಜೆಗೆ ಹೂ ಕೊಯ್ಯಬೇಕು, ಆ ಮನೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು. ಕೆಲಸಕ್ಕೆ ಲೆಕ್ಕವಿರಲಿಲ್ಲ, ಋಣವೂ ತೀರುತ್ತಿರಲಿಲ್ಲ. ಅಲ್ಲದೆ ಆ ಅನ್ನ ಎಲ್ಲ ಜಾತಿಯ ಮಕ್ಕಳಿಗೂ ದೊರೆಯುತ್ತಿರಲಿಲ್ಲವೆಂಬುದನ್ನು ನಾವು ಮರೆಯಬಾರದು.

ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಅದೇ ಪ್ರಾಂತದ ಸಾತಾರದಲ್ಲಿ ಈ ಋಣದ ಗಂಟನ್ನು ಬಿಡಿಸಿದವರು ಕರ್ಮವೀರ ಭಾವುರಾವ್ ಪಾಟೀಲರು. 1887ರಲ್ಲಿ ಕೊಲ್ಹಾಪುರದ ಬಳಿಯ ಕುಂಭೋಜದಲ್ಲಿ ಜನಿಸಿದ ಜೈನರು. ಅವರ ಮನೆತನ ಮೂಲತಃ ಮೂಡುಬಿದಿರೆಯದೆಂದು ಹೇಳುತ್ತಾರೆ. 1919ರಲ್ಲಿ ಅವರು ರಯತ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. (ನಮ್ಮ ಭಟ್ಕಳದ ಅಂಜುಮನ್ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ.) ಅವರ ವಸತಿಗೃಹದಲ್ಲಿ ಎಲ್ಲ ಜಾತಿಯ ಹುಡುಗರೂ ಕೂಡಿ ಅಡಿಗೆ ಮಾಡಿ, ಕೂಡಿ ಉಣ್ಣುತ್ತಿದ್ದರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದಿದ್ದರು. 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು ತೆರೆದಾಗ 'ದುಡಿ, ಕಲಿ' ಎಂಬ ಯೋಜನೆ ಕಾಲೇಜು ಶಿಕ್ಷಣಕ್ಕೂ ಬಂದಿತು. ಹುಡುಗರು ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿದು ತಮ್ಮ ಖರ್ಚನ್ನು ತಾವೇ ತೂಗಿಸಿಕೊಂಡರು. ಇಂದು ಪುಣೆ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನಲ್ಲೇ ಇಂಥ ಯೋಜನೆಯಿದ್ದು, ವಿದ್ಯಾರ್ಥಿಗಳು ವಿಭಾಗ, ಗ್ರಂಥಾಲಯ, ಕಚೇರಿಗಳಲ್ಲಿ ಗಂಟೆಯ ಲೆಕ್ಕದಲ್ಲಿ ದುಡಿಯುತ್ತಾರೆ.

ಅಮೆರಿಕದ ಕಥೆ ಬೇರೆ ದಾರಿಯದು. ಅಲ್ಲಿಯ ಆರ್ಥಿಕ ಕುಸಿತದ ದಿನಗಳಲ್ಲಿ, 1935ರಲ್ಲಿ, ಸರಕಾರವೇ ಕಾಲೇಜು ಹುಡುಗರಿಗೆ ಗ್ರಂಥಾಲಯ, ಪ್ರಯೋಗಾಲಯ, ಬೆರಳಚ್ಚಿನ ಕೆಲಸ ಕೊಟ್ಟು ಸಂಬಳ ನೀಡಿತು. 1943ರಲ್ಲಿ ಅದು ನಿಂತುಹೋಯಿತು. 1964ರ ಕಾಯಿದೆಯಿಂದ ಮತ್ತೆ ಬಂದ ಇಂಥದೇ ವ್ಯವಸ್ಥೆ ಇಂದಿಗೂ ಇದೆ. ಅದು ಅಲ್ಲಿಯ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ. ನಮ್ಮ ಹುಡುಗರದು ವಿಶ್ವವಿದ್ಯಾಲಯ ತನ್ನದೇ ಹಣದಿಂದ ಕೊಡುವ ಕೆಲಸ. ವಿದ್ಯಾರ್ಥಿ ವೀಸಾದವರು ಪಾಠದ ದಿನಗಳಲ್ಲಿ ಆವರಣದೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ.

ಇನ್ನು ನಮ್ಮದು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದ ಮೇಲೆ ನಮ್ಮ ಜಿಲ್ಲೆಯವರಿಗೆ ಉನ್ನತ ಶಿಕ್ಷಣ ಹತ್ತಿರವಾಯಿತು. ಬಡವರಿಗೆ ಶಿಷ್ಯವೇತನಗಳು ಬಂದವು, ಮಠಗಳ ಪ್ರಸಾದ ನಿಲಯಗಳು ಆಸರೆಯಾದವು. ಇವೆಲ್ಲ ಮಹದುಪಕಾರವೇ. ಆದರೆ ನಮ್ಮಲ್ಲಿ ಕೈಕೆಲಸವನ್ನು ಓದಿನಿಂದ ದೂರವಿಡುವ ಚಾಳಿ ಹಳೆಯದು. ನಾನು ಬಿ.ಎಡ್. ಮಾಡುತ್ತಿದ್ದಾಗ ಪಕ್ಕದ ಒಂದು ವಿಭಾಗದಲ್ಲಿ ನನ್ನ ಗೆಳೆಯನೊಬ್ಬ ಒಂದು ಬೇಸಿಗೆಯಿಡೀ ಪುಸ್ತಕದ ಚೀಟಿಗಳನ್ನು ಬರೆದ. ಆ ಮೇಲೆ ಪ್ರಾಧ್ಯಾಪಕರ ಮನೆಗೆ ಅಕ್ಕಿಯನ್ನೂ ಹೊತ್ತ. ಕೂಲಿಯ ಮಾತೆತ್ತಿದಾಗ 'ಗುರುಸೇವೆ' ಎಂಬ ಉತ್ತರ ಬಂತು. ಹಾಜರಿ ಪುಸ್ತಕದಲ್ಲಿ ಅವನ ಗಂಟೆಗಳು ದಾಖಲಾಗಿದ್ದರೆ ಆ ಉತ್ತರ ಹೊರಡುತ್ತಿತ್ತೇ? ವಾರಾನ್ನದ ಮನೆಗೂ ಆ ವಿಭಾಗಕ್ಕೂ ನನಗೆ ಹೆಚ್ಚಿನ ಅಂತರ ಕಾಣಲಿಲ್ಲ.

2023ರಲ್ಲಿ ಯು.ಜಿ.ಸಿ.ಯ ಒಂದು ಕರಡು ಮಾರ್ಗಸೂಚಿ, ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಗ್ರಂಥಾಲಯ, ಪ್ರಯೋಗಾಲಯ, ಗಣಕಯಂತ್ರದ ಕೆಲಸಗಳನ್ನು ಗಂಟೆಯ ಲೆಕ್ಕದಲ್ಲಿ ಕೊಡಬೇಕೆಂದು ಸೂಚಿಸಿತು. ಅಲ್ಲಿಯೂ ವಾರಕ್ಕೆ 20 ಗಂಟೆಯ ಮಿತಿ. ಸಂತೋಷವೇ. ಆದರೆ ಗುಮಾಸ್ತರ, ಸಿಪಾಯಿಗಳ ಖಾಲಿ ಹುದ್ದೆಗಳನ್ನು ತುಂಬದೆ, ಅಗ್ಗದ ದುಡಿಮೆಗೆ ಹುಡುಗರನ್ನು ಹಚ್ಚುವ ಜಾಣತನವೂ ಇದರ ಬೆನ್ನಿಗೇ ಬಂದೀತೆಂಬ ಅಳುಕು ನನಗಿದೆ. ಕಾಲೇಜುಗಳಲ್ಲಿ ಕೆಲಸ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಹಲವರಿದ್ದೀರಿ. ನಿಮ್ಮ ವಿಭಾಗಕ್ಕೆ ಅಂಥ ಹುಡುಗನೋ ಹುಡುಗಿಯೋ ಬಂದರೆ, ಮೊದಲ ದಿನವೇ ಒಂದು ಹಾಜರಿ ಪುಸ್ತಕ ತರಿಸಿ ಗಂಟೆಯನ್ನೂ ದರವನ್ನೂ ಬರೆಯಿಸಿ, ಪ್ರತಿ ತಿಂಗಳು ಹಣ ಕೈಸೇರಿತೇ ಎಂದು ನೀವೇ ಕೇಳಿರಿ.